ಎರಡು ಸಲ ಬಂದ ಧನುರ್ವಾಯು

ಧನುರ್ವಾಯು ಬಂದು ಬದುಕಿ ಉಳಿದವನಿಗೆ ಆ ರೋಗ ಮತ್ತೆ ಬರುವುದಿಲ್ಲ. ಇದನ್ನು ನಾನು ನಂಬಿದ್ದೆ. ನನಗೆ ಪಾಠ ಹೇಳಿದವರು ನಂಬಿದ್ದರು. ದಾಂಡೇಲಿಯಲ್ಲಿ ನನ್ನ ಮೇಲಿದ್ದ ಡಾಕ್ಟರ್ ದೇಸಾಯಿಯವರಂತೂ ಇದನ್ನು ರೋಗಿಗಳಿಗೆ ಧೈರ್ಯ ಹೇಳುವ ಮಾತಾಗಿ ಬಳಸುತ್ತಿದ್ದರು. ಸಿಡುಬು ಎದ್ದವನಿಗೆ ಮತ್ತೆ ಸಿಡುಬು ಏಳುವುದಿಲ್ಲ, ದಡಾರ ಬಂದವನಿಗೆ ಮತ್ತೆ ದಡಾರ ಬರುವುದಿಲ್ಲ, ಇದೂ ಹಾಗೆಯೇ ಎಂದು ನಮ್ಮ ತಿಳಿವಳಿಕೆ. ಆ ತಿಳಿವಳಿಕೆ ತಪ್ಪು ಎಂದು ನಮಗೆ ಕಲಿಸಿದವನು ನಿಂಗಪ್ಪ ಎಂಬ ಒಬ್ಬ ಪೈಲ್ವಾನ. ಬಾಯಿಮಾತಿನಿಂದ ಅಲ್ಲ, ಮೈಯನ್ನೇ ಪಣಕ್ಕಿಟ್ಟು ಕಲಿಸಿದ.

ನನ್ನ ಹೆಸರು ಸರೋಜಾ. ಊರು ಧಾರವಾಡ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಅರವತ್ತರ ದಶಕದ ಮೊದಮೊದಲ ವರ್ಷಗಳಲ್ಲಿ ದಾಂಡೇಲಿಯ ಒಂದು ಸಣ್ಣ ಆಸ್ಪತ್ರೆಗೆ ಬಂದು ಸೇರಿದೆ. ನಿವೃತ್ತಿಯಾಗಿ ಈಗ ಬಹಳ ವರ್ಷಗಳಾದವು. ಮೊನ್ನೆ ನಮ್ಮ ಓಣಿಯ ಇಬ್ಬರು ಹುಡುಗಿಯರು ನರ್ಸಿಂಗ್ ಕಾಲೇಜಿಗೆ ಸೇರಿದೆವೆಂದು ಪೇಢೆ ಹಿಡಿದುಕೊಂಡು ಬಂದಿದ್ದರು. ಧನುರ್ವಾಯುವನ್ನು ತಾವು ಪುಸ್ತಕದಲ್ಲಿ ಓದಿದ್ದೇವೆಯೇ ಹೊರತು ನೋಡಿಲ್ಲ, ತಮ್ಮ ಮೇಡಮ್ಮುಗಳೂ ನೋಡಿಲ್ಲವಂತೆ ಎಂದರು. ಆ ಮಾತು ಕೇಳಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು ಕೈ ಆಡಿಸುತ್ತ ಹೇಳಲು ಶುರು ಮಾಡಿದವಳು ಅವರ ಚಹಾ ಆರಿದ್ದನ್ನೂ ಗಮನಿಸಲಿಲ್ಲ. ಅವರು ಹೋದ ಮೇಲೂ ತಲೆಯೊಳಗೆ ಅದೇ ಓಡುತ್ತಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಎಲ್ಲಿಗೆ ವರ್ಗವಾಯಿತು ಎಂಬುದರಲ್ಲಿ ಯಾರಿಗೂ ಆಸಕ್ತಿ ಇರಲಾರದು, ನನಗೂ ಇಲ್ಲ. ಆದರೆ ನಿಂಗಪ್ಪನ ವಿಷಯ ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಆಗಿನ ದಾಂಡೇಲಿ ಎಂದರೆ ಬಿದಿರು. ಜೊಯಿಡಾ ಕಡೆಯ ಕಾಡಿನಿಂದ, ಇನ್ನೂ ಅಣೆಕಟ್ಟಿನ ನೀರಿನಡಿ ಹೋಗಿರದ ಸೂಪಾದ ಕಡೆಯಿಂದ, ಲಾರಿಗಳು ಬಿದಿರು ಹೇರಿಕೊಂಡು ಸಾಲುಗಟ್ಟಿ ಬರುತ್ತಿದ್ದವು. ಕಾಗದದ ಮಿಲ್ಲಿಗೆ ಎಷ್ಟು ಬಿದಿರು ಬಂದರೂ ಸಾಲದು. ಅದನ್ನು ಇಳಿಸುವವರು, ಒಟ್ಟುವವರು, ಕೊಚ್ಚುವ ಯಂತ್ರಕ್ಕೆ ಎಳೆಯುವವರು ಹೆಚ್ಚಾಗಿ ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಮಂದಿ. ಬರಿಗಾಲಲ್ಲೇ ಕೆಲಸ. ಹೀಗಾಗಿ ಕಾಲಿಗೆ ಬಿದಿರು ಸಿಬರು ಚುಚ್ಚಿಸಿಕೊಂಡವರು ನಮ್ಮಲ್ಲಿಗೆ ಬಾರದ ದಿನವೇ ಇರಲಿಲ್ಲ. ಬಂದವರಿಗಿಂತ ಬಾರದವರೇ ಹೆಚ್ಚು. ಚುಚ್ಚಿದ್ದನ್ನು ತಾವೇ ಕಿತ್ತು, ಸುಣ್ಣವನ್ನೋ ಸೆಗಣಿಯನ್ನೋ ಮೆತ್ತಿ ಕೆಲಸಕ್ಕೆ ಹೋಗಿಬಿಡುತ್ತಿದ್ದರು.

ಇಂದಿನ ಹುಡುಗಿಯರು ಪೊಟ್ಟಣ ಹರಿದು ಸೂಜಿ ತೆಗೆದು, ಚುಚ್ಚಿ, ಎಸೆಯುತ್ತಾರೆ. ನಮ್ಮ ಕಾಲದಲ್ಲಿ ಸಿರಿಂಜು ಗಾಜಿನದು, ಸೂಜಿ ಉಕ್ಕಿನದು. ದಿನವೂ ಕುದಿಸಬೇಕು. ಸೂಜಿಯ ಮೊನೆ ಬಗ್ಗಿದ್ದರೆ ಸಾಣೆಕಲ್ಲಿಗೆ ತಿಕ್ಕಿ, ಹತ್ತಿಯ ಮೇಲೆ ಎಳೆದು, ನೂಲು ಸಿಕ್ಕುವುದೇನೋ ನೋಡಬೇಕು. ಧನುರ್ವಾಯುವಿನ ಸೀರಮ್ಮು ಸೀಮೆಎಣ್ಣೆಯ ಫ್ರಿಜ್ಜಿನಲ್ಲಿ ಇರುತ್ತಿತ್ತು. ಅದನ್ನು ಕುದುರೆಯ ರಕ್ತದಿಂದ ತಯಾರಿಸುತ್ತಿದ್ದರು. ಈ ಕುದುರೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ನೋಡಿದ ಮೊದಲ ಧನುರ್ವಾಯು ಜೊಯಿಡಾ ಕಡೆಯಿಂದ ತಂದ ಒಂದು ಹಸುಗೂಸಿನದು. ಕುಡುಗೋಲಿನಲ್ಲಿ ಹೊಕ್ಕುಳ ಬಳ್ಳಿ ಕೊಯ್ದಿದ್ದರು. ಕೊಂಕಣಿ ಬಿಟ್ಟು ಬೇರೆ ಮಾತು ಬಾರದ ಆ ತಾಯಿ ಕೂಸು ಮೊಲೆ ಹಿಡಿಯುತ್ತಿಲ್ಲವೆಂದು ಕೈಸನ್ನೆಯಲ್ಲಿ ತೋರಿಸಿದಳು. ಕೂಸು ಉಳಿಯಲಿಲ್ಲ. ದೊಡ್ಡವರಲ್ಲೂ ಉಳಿಯುತ್ತಿದ್ದವರು ಕಡಿಮೆ. ಅದಕ್ಕೇ ಒಬ್ಬ ಉಳಿದರೂ ಇಡೀ ಆಸ್ಪತ್ರೆ ಹಬ್ಬ ಮಾಡುತ್ತಿತ್ತು.

ನಿಂಗಪ್ಪ ಮೊದಲ ಸಲ ಬಂದದ್ದು ಚಳಿಗಾಲದ ಒಂದು ಬೆಳಿಗ್ಗೆ. ಬೈಲಹೊಂಗಲ ಕಡೆಯವನು, ದಾಂಡೇಲಿಗೆ ಅಂಟಿದ ಅಂಬೇವಾಡಿಯಲ್ಲಿ ಮನೆ, ಬಿದಿರು ಒಟ್ಟುವ ಕೆಲಸ. ಬಾಗಿಲು ತುಂಬುವಂಥ ಆಳು, ಮುರಿದು ಮುದ್ದೆಯಾದ ಪೈಲ್ವಾನರ ಕಿವಿ. ಜೊತೆಗೆ ಹೆಂಡತಿ ಶಿವಕ್ಕ. ಹಲ್ಲುನೋವಿಗೆ ಔಷಧ ಕೊಡಿಸಲು ಕರೆದುಕೊಂಡು ಬಂದಿದ್ದಳು.

“ಬಾಯಾರ, ನಿನ್ನೆಯಿಂದ ರೊಟ್ಟಿ ಮುರದು ಬಾಯಾಗ ಇಟಗೊಳ್ಳಾಕ ಬರವಲ್ದು ಇವ್ರಿಗೆ. ಹಲ್ಲು ಕಿತ್ತಬಿಡ್ರಿ, ಕೆಲಸಕ್ಕ ಹೋಗ್ಬೇಕು” ಎಂದಳು.

ಅವನ ಮುಖ ನೋಡಿದೆ. ನಗುತ್ತಿರುವಂತೆ ತುಟಿಗಳು ಎರಡೂ ಬದಿಗೆ ಎಳೆದುಕೊಂಡಿದ್ದವು, ಕಣ್ಣಲ್ಲಿ ಮಾತ್ರ ನಗು ಇರಲಿಲ್ಲ. ಡಾಕ್ಟರ್ ದೇಸಾಯಿ ಬಂದು ಹೊಟ್ಟೆಯ ಮೇಲೆ ಕೈ ಇಟ್ಟರು. ಹಲಗೆಯ ಹಾಗೆ ಇತ್ತು. ಕಾಲಿಗೆ ಏನಾದರೂ ಚುಚ್ಚಿತ್ತೇ ಎಂದು ಕೇಳಿದರು. ಸ್ವಲ್ಪ ದಿನದ ಹಿಂದೆ ಹಿಮ್ಮಡಿಗೆ ಸಿಬರು ಹೊಕ್ಕಿತ್ತು, ಇಕ್ಕಳದಿಂದ ತಾನೇ ಕಿತ್ತೆ, ಈಗ ಏನೂ ಇಲ್ಲ ಎಂದು ಬಿಗಿದ ಹಲ್ಲುಗಳ ನಡುವಿನಿಂದಲೇ ಹೇಳಿದ. ಅವನ ಮಾತು ಮುಗಿಯುವ ಮೊದಲೇ ಡಾಕ್ಟರರು ಮೂಲೆಯ ಕೋಣೆ ಖಾಲಿ ಮಾಡಿಸಲು ಹೇಳಿದ್ದರು.

ಧನುರ್ವಾಯುವಿನ ರೋಗಿಗೆ ಬೆಳಕು ಆಗದು, ಸದ್ದು ಆಗದು, ಮುಟ್ಟಿದರೆ ಆಗದು. ಸ್ವಲ್ಪ ಕೆಣಕಿದರೂ ಮೈಯ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದು ಬೆನ್ನು ಬಿಲ್ಲಾಗುತ್ತದೆ. ಮಿಲ್ಲಿನಿಂದ ದಪ್ಪನೆಯ ಕಂದು ಕಾಗದ ತರಿಸಿ ಕಿಟಕಿಗಳಿಗೆ ಅಂಟಿಸಿದೆವು. ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟೆವು. ಎಲ್ಲರೂ ಚಪ್ಪಲಿ ಬಿಟ್ಟು ಓಡಾಡಿದೆವು. ಹೊರಗಿನ ವರಾಂಡದಲ್ಲಿ ಒಮ್ಮೆ ತಗಡಿನ ಬೆಡ್‌ಪ್ಯಾನು ಕೈಜಾರಿ ಬಿದ್ದಾಗ ನಿಂಗಪ್ಪನ ಹಿಮ್ಮಡಿ ಮತ್ತು ತಲೆ ಮಾತ್ರ ಮಂಚಕ್ಕೆ ತಾಗಿ, ನಡುವಿನ ಮೈಯೆಲ್ಲ ಮೇಲೆದ್ದಿತ್ತು. ಅಷ್ಟು ಗಟ್ಟಿ ಮೈ ಆದ್ದರಿಂದ ಬಿಗಿತವೂ ಅಷ್ಟೇ ಗಟ್ಟಿ. ಅವತ್ತಿನಿಂದ ಬೆಡ್‌ಪ್ಯಾನುಗಳಿಗೆಲ್ಲ ಹಳೆಯ ಸೀರೆ ಸುತ್ತಿಟ್ಟೆವು.

ಆದರೆ ಮಿಲ್ಲಿನ ಭೋಂಗಾಕ್ಕೆ ಯಾರು ಸೀರೆ ಸುತ್ತುವುದು? ಪಾಳಿ ಬದಲಾದಾಗಲೆಲ್ಲ ಊರಿಗೆ ಊರೇ ಕೇಳುವಂತೆ ಅದು ಕೂಗುತ್ತಿತ್ತು. ಕೂಗಿದಾಗಲೆಲ್ಲ ನಿಂಗಪ್ಪನ ಮೈ ಬಿಲ್ಲಾಗುತ್ತಿತ್ತು. ಕೊನೆಗೆ ನಾವೂ ಒಂದು ಉಪಾಯ ಕಂಡುಕೊಂಡೆವು. ಭೋಂಗಾಕ್ಕಿಂತ ಸ್ವಲ್ಪ ಮೊದಲು ಅಮಲಿನ ಔಷಧ ಕೊಟ್ಟು, ಕಿವಿಗೆ ವ್ಯಾಸಲೀನು ಹಚ್ಚಿದ ಹತ್ತಿ ತುರುಕಿ, ಅವನ ಭುಜದ ಮೇಲೆ ಕೈ ಇಟ್ಟು ಕಾಯುವುದು. ಮೊದಲ ಸಲ ಭೋಂಗಾ ಕೂಗಿಯೂ ಅವನ ಮೈ ಅಲುಗದೆ ಇದ್ದಾಗ ನನಗೆ ಆದ ಸಂತೋಷವನ್ನು ಯಾವ ಪ್ರಶಸ್ತಿ ಪತ್ರವೂ ಮತ್ತೆ ಕೊಡಲಿಲ್ಲ.

ದಿನವೂ ಕಿಟಕಿಯ ಹೊರಗೆ ನೆಲದ ಮೇಲೆ ಒಬ್ಬರು ಬಂದು ಕೂರುತ್ತಿದ್ದರು. ಹುಸೇನಸಾಬ ವಸ್ತಾದರು. ದಾಂಡೇಲಿಯಲ್ಲಿ ಅವರದು ಲಾರಿ ರಿಪೇರಿಯ ಗ್ಯಾರೇಜು. ಗ್ಯಾರೇಜಿನ ಹಿಂದೆ ತಗಡಿನ ಮಾಡಿನಡಿ ಒಂದು ಗರಡಿ. ನಿಂಗಪ್ಪ ಅವರ ಕೈಯಲ್ಲಿ ತಯಾರಾದ ಪೈಲ್ವಾನ. ಒಳಗೆ ಬಿಡುವುದಿಲ್ಲವೆಂದಾಗ ಅವರು ತಕರಾರು ಮಾಡಲಿಲ್ಲ. ಸದ್ದಾಗಬಾರದು ಅಷ್ಟೇ ತಾನೆ ಎಂದು ಕೇಳಿ, ಆಸ್ಪತ್ರೆಯ ಮುಂದಿನ ರಸ್ತೆಯಲ್ಲಿ ಹಾರ್ನು ಹೊಡೆಯಬಾರದೆಂದು ತಮ್ಮಲ್ಲಿಗೆ ಬರುವ ಲಾರಿ ಡ್ರೈವರುಗಳಿಗೆಲ್ಲ ತಾಕೀತು ಮಾಡಿದರು. ಹಾರ್ನು ಹೊಡೆದವನ ಲಾರಿ ರಿಪೇರಿ ಮಾಡುವುದಿಲ್ಲ ಎಂದರಂತೆ. ಆ ರಸ್ತೆ ಅಷ್ಟು ನಿಶ್ಶಬ್ದವಾಗಿ ಇದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಿಂಗಪ್ಪ ಉಳಿದ. ಬಿಗಿತ ಮೆಲ್ಲಗೆ ಬಿಟ್ಟಿತು. ಮೂಗಿನ ನಳಿಕೆ ತೆಗೆದು ಗಂಜಿ ಕುಡಿಸಿದೆವು, ಆಮೇಲೆ ಅನ್ನ, ಆಮೇಲೆ ಹಾಲಿನಲ್ಲಿ ಅದ್ದಿದ ರೊಟ್ಟಿ. ಗೋಡೆ ಹಿಡಿದು ನಡೆದವನು ಗೋಡೆ ಬಿಟ್ಟು ನಡೆದ. ಮನೆಗೆ ಹೊರಟ ದಿನ ಡಾಕ್ಟರರು ಅವನ ಬೆನ್ನು ತಟ್ಟಿ ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ.

“ಇನ್ನ ಈ ರೋಗಕ್ಕ ನೀ ಅಂಜಬ್ಯಾಡ. ಒಮ್ಮೆ ಬಂದು ಹೋತು, ಮುಗೀತು.”

ಶಿವಕ್ಕ ಡಾಕ್ಟರರ ಕಾಲಿಗೆ ಬಿದ್ದಳು. ವಸ್ತಾದರು ಎಲ್ಲರಿಗೂ ಜಿಲೇಬಿ ಹಂಚಿದರು. ನಾನೂ ತಿಂದೆ.

ಬೇಸಿಗೆಯ ಹೊತ್ತಿಗೆ ನಿಂಗಪ್ಪ ಕೆಲಸಕ್ಕೆ ಹೋಗುತ್ತಿದ್ದ, ಗರಡಿಗೂ ಹೋಗುತ್ತಿದ್ದ. ಹಳಿಯಾಳದ ಕುಸ್ತಿಗೆ ಅವನನ್ನು ಇಳಿಸಬೇಕೆಂದು ವಸ್ತಾದರ ಹಂಬಲ. ಬಜಾರಿನಲ್ಲಿ ಕಂಡಾಗ ಶಿವಕ್ಕ ನನ್ನ ಕೈ ಹಿಡಿದು, ಗಂಡ ಈಗ ಎಷ್ಟು ರೊಟ್ಟಿ ತಿನ್ನುತ್ತಾನೆ ಎಂಬುದನ್ನು ಸಂಭ್ರಮದಿಂದ ಹೇಳುತ್ತಿದ್ದಳು.

ಹಾಗಿರುವಾಗ ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಮೂವರೂ ಆಸ್ಪತ್ರೆಗೆ ಬಂದರು. ನಿಂಗಪ್ಪನಿಗೆ ಕುತ್ತಿಗೆ ಹಿಡಿದಿತ್ತು. ದವಡೆಯೂ ಬಿಗಿ ಎನಿಸುತ್ತಿದೆ ಎಂದ. ವಸ್ತಾದರು ನಾಚಿಕೊಂಡು, ನಿನ್ನೆ ತಾಲೀಮಿನಲ್ಲಿ ತಾವೇ ಅವನ ಕುತ್ತಿಗೆಗೆ ಪಟ್ಟು ಹಾಕಿದ್ದಾಗಿ ಒಪ್ಪಿಕೊಂಡರು. ಡಾಕ್ಟರರು ಕುತ್ತಿಗೆ ಒತ್ತಿ ನೋಡಿ ನಕ್ಕರು. ಕುತ್ತಿಗೆ ಉಳುಕಿದೆ, ಎಣ್ಣೆ ತಿಕ್ಕಿ ಕಾವು ಕೊಡಿ, ನಾಲ್ಕು ದಿನ ಗರಡಿ ಬಿಡಿ ಎಂದರು. ಶಿವಕ್ಕ ಮಾತ್ರ ನಗಲಿಲ್ಲ.

“ಸಾಹೇಬ್ರ, ಹ್ವಾದ ಸಲಾನೂ ಹಿಂಗ ಶುರು ಆಗಿತ್ರಿ” ಎಂದಳು.

ಒಮ್ಮೆ ಬಂದವರಿಗೆ ಅದು ಬರುವುದಿಲ್ಲ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಡಾಕ್ಟರರು ಸಮಾಧಾನ ಹೇಳಿ ಕೈ ತೊಳೆಯಲು ಹೋದರು. ನಿಂಗಪ್ಪ ಬೆಂಚಿನ ಮೇಲೆ ಒರಗಿದ್ದ. ನಾನು ಎಣ್ಣೆಯ ಬಾಟಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಮಿಲ್ಲಿನ ಭೋಂಗಾ ಕೂಗಿತು.

ಬೆಂಚು ಕಿರ್ರೆಂದಿತು. ತಿರುಗಿ ನೋಡಿದರೆ ಅವನ ಬೆನ್ನು ಬೆಂಚಿನಿಂದ ಮೇಲೆದ್ದಿತ್ತು. ತಲೆ ಹಿಂದಕ್ಕೆ ಬಾಗಿತ್ತು, ತುಟಿಗಳು ಬದಿಗೆ ಎಳೆದುಕೊಂಡಿದ್ದವು. ಅದೇ ನಗು. ಡಾಕ್ಟರರು ತೊಟ್ಟಿಯ ಬಳಿ ಸಾಬೂನಿನ ಕೈಯಲ್ಲೇ ನಿಂತು ನೋಡುತ್ತಿದ್ದರು. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಭೋಂಗಾ ನಿಂತಿತು. ಬಿಗಿತ ಇಳಿಯಿತು. ಅವರು ಬಹಳ ಮೆತ್ತಗೆ ಹೇಳಿದರು.

“ಸರೋಜಾಬಾಯಿ, ಕಿಟಕಿಗೆ ಕಾಗದ ಹಚ್ಚಸ್ರಿ.”

ಅಷ್ಟೇ. ‘ಬರೂದಿಲ್ಲ’ ಎಂದು ಅವರು ಈಗಷ್ಟೇ ಹೇಳಿದ್ದ ಮಾತು ಅಲ್ಲೇ ಸತ್ತಿತು. ಅದನ್ನು ಹಿಡಿದುಕೊಂಡು ಅವರು ಒಂದು ಗಳಿಗೆಯೂ ಕೂರಲಿಲ್ಲ. ಮೇಲಧಿಕಾರಿ ಎಂದರೆ ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಸಾಬೂನಿನ ಕೈಗಳನ್ನು ನೆನೆಸಿಕೊಳ್ಳುತ್ತೇನೆ. ತಮ್ಮ ಮಾತು ಉಳಿಸಿಕೊಳ್ಳಲು ರೋಗಿಯನ್ನು ಮನೆಗೆ ಕಳಿಸಿದ ಡಾಕ್ಟರರನ್ನೂ ನಾನು ಮುಂದೆ ನೋಡಿದ್ದೇನೆ.

ಈಗ ಕುದುರೆಯ ವಿಷಯ. ನಿಂಗಪ್ಪನಿಗೆ ಸೀರಮ್ಮು ಕೊಡಲೇಬೇಕು, ಅದಿಲ್ಲದೆ ಒಳಗಿನ ನಂಜನ್ನು ತಡೆಯುವುದು ಇನ್ಯಾವುದೂ ಇರಲಿಲ್ಲ. ಆದರೆ ಚಳಿಗಾಲದಲ್ಲಿ ಒಮ್ಮೆ ಅವನ ಮೈಯೊಳಗೆ ಕುದುರೆಯ ಸೀರಮ್ಮು ಹೋಗಿತ್ತು. ಅಂಥ ಮೈಗೆ ಅದೇ ಸೀರಮ್ಮು ಮತ್ತೆ ಹೋದರೆ ಕೆಲವರಿಗೆ ಉಸಿರು ಕಟ್ಟಿ, ನಾಡಿ ಬಿದ್ದು, ಅಲ್ಲಿಯೇ ಪ್ರಾಣ ಹೋಗುತ್ತದೆ. ಕೊಡದಿದ್ದರೆ ರೋಗ ಕೊಲ್ಲುತ್ತದೆ, ಕೊಟ್ಟರೆ ಔಷಧವೇ ಕೊಲ್ಲಬಹುದು. ಡಾಕ್ಟರರು ಶಿವಕ್ಕನನ್ನೂ ವಸ್ತಾದರನ್ನೂ ಕೂರಿಸಿಕೊಂಡು ಇದನ್ನೆಲ್ಲ ಮುಚ್ಚಿಡದೆ ಹೇಳಿದರು. ತಾವು ಹಿಂದೆ ಹೇಳಿದ ಮಾತು ತಪ್ಪಾಯಿತೆಂದೂ ಹೇಳಿದರು. ಶಿವಕ್ಕ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೇಳಿಸಿಕೊಂಡಳು.

“ನೀವು ಅವ್ರ ಹತ್ರಾನ ಇರ್ತೀರಿಲ್ರಿ?” ಎಂದು ಅವಳು ಕೇಳಿದ್ದು ಅಷ್ಟೇ.

ಇರುತ್ತೇನೆ ಎಂದರು. ಇದ್ದರು.

ಆ ಮಧ್ಯಾಹ್ನ ನನ್ನ ವೃತ್ತಿಯ ಎಲ್ಲ ಮಧ್ಯಾಹ್ನಗಳಿಗಿಂತ ಉದ್ದ. ಒಂದು ತಟ್ಟೆಯಲ್ಲಿ ನೀರು ಬೆರೆಸಿ ತೆಳುವಾಗಿಸಿದ ಸೀರಮ್ಮು, ಇನ್ನೊಂದರಲ್ಲಿ, ಉಸಿರು ಕಟ್ಟಿದರೆ ಕೂಡಲೇ ಚುಚ್ಚಲು, ಅಡ್ರಿನಲಿನ್ ತುಂಬಿದ ಸಿರಿಂಜು. ಡಾಕ್ಟರರು ಚರ್ಮದಡಿಗೆ ಒಂದು ಹನಿ ಬಿಡುವರು, ನಾನು ನಾಡಿ ಹಿಡಿದು ಕೂರುವೆನು. ಏನೂ ಆಗದಿದ್ದರೆ ಇನ್ನಷ್ಟು, ಮತ್ತೆ ಕಾಯುವುದು, ಮತ್ತೆ ಇನ್ನಷ್ಟು. ಕುದುರೆಯನ್ನು ಮೈ ಗುರುತು ಹಿಡಿಯದ ಹಾಗೆ ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಕರೆದೊಯ್ಯುತ್ತಿದ್ದೇವೆ ಎಂದು ಅವರು ಪಿಸುಗುಟ್ಟಿದರು. ನನಗೆ ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಹೇಳಲಾಗದ ಉತ್ಸಾಹ. ಇಬ್ಬರಿಗೂ ಗೊತ್ತಿತ್ತು, ನಾವು ನೋಡುತ್ತಿರುವುದು ನಮ್ಮ ಪಾಠದಲ್ಲಿ ಇಲ್ಲದ್ದು.

ಅರ್ಧ ದಾರಿ ಸಾಗಿದ್ದೆವು. ನನ್ನ ಬೆರಳಡಿಯಲ್ಲಿ ನಾಡಿ ಓಡತೊಡಗಿತು. ಬ್ಯಾಟರಿಯ ಬೆಳಕು ಬಿಟ್ಟು ನೋಡಿದರೆ ಎದೆಯ ಮೇಲೆ ದದ್ದುಗಳು, ತುಟಿ ಊದುತ್ತಿತ್ತು, ಉಸಿರಿನಲ್ಲಿ ಸಿಳ್ಳೆ. ನಾನು ಬಾಯಿ ತೆರೆಯುವುದರೊಳಗೆ ಡಾಕ್ಟರರು ಅಡ್ರಿನಲಿನ್ ಚುಚ್ಚಿಯಾಗಿತ್ತು. ಇಬ್ಬರೂ ಅವನ ಎದೆಯನ್ನೇ ನೋಡುತ್ತ ಕೂತೆವು. ಸಿಳ್ಳೆ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತಿತು. ದದ್ದುಗಳು ಕರಗಿದವು. ಇಲ್ಲಿಗೆ ಸಾಕು ಎನ್ನುತ್ತಾರೇನೋ ಎಂದುಕೊಂಡೆ. ಅವರು ಹಣೆ ಒರೆಸಿಕೊಂಡು, ಬಹಳ ಹೊತ್ತು ಕಾದು, ಹಿಂದಿನದಕ್ಕಿಂತ ಸಣ್ಣ ಹನಿಯಿಂದ ಮತ್ತೆ ಶುರು ಮಾಡಿದರು. ಕಿಟಕಿಯ ಕಾಗದದ ಅಂಚಿನ ಬೆಳಕು ಕೆಂಪಾಗುವ ಹೊತ್ತಿಗೆ ಪೂರ್ತಿ ಸೀರಮ್ಮು ಒಳಗೆ ಹೋಗಿತ್ತು. ಅವನು ಉಸಿರಾಡುತ್ತಿದ್ದ. ಕಾಲು ಜೋಮು ಹಿಡಿದಿದ್ದರಿಂದ ನಾನು ಗೋಡೆ ಹಿಡಿದು ಎದ್ದು ನಿಂತೆ.

ಆದರೆ ಈ ಸಲದ ನಂಜು ಬಂದದ್ದೆಲ್ಲಿಂದ? ಹೊಸ ಗಾಯ ಎಲ್ಲೂ ಇರಲಿಲ್ಲ. ಗರಡಿಯ ಮಣ್ಣಿನಿಂದ ಇರಬಹುದೆಂದು ಡಾಕ್ಟರರ ಗುಮಾನಿ. ಅದನ್ನು ಕೇಳಿ ವಸ್ತಾದರ ಮುಖ ಸಣ್ಣದಾಯಿತು. ಅರಿಶಿನ, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡಿದ ಆ ಕೆಂಪು ಮಣ್ಣನ್ನು ಅವರು ತಲೆಗೆ ಹಚ್ಚಿಕೊಳ್ಳುವ ಮನುಷ್ಯ. ಮಣ್ಣು ಹೋಗಲು ತರಚು ಗಾಯವಾದರೂ ಬೇಕಲ್ಲ ಎಂದು ನಾವು ಮೈಯೆಲ್ಲ ಹುಡುಕಿದೆವು. ಸಿಗಲಿಲ್ಲ. ಆಗ ಡಾಕ್ಟರರು ಶಿವಕ್ಕನನ್ನು ಕರೆದು, ಈ ತಿಂಗಳುಗಳಲ್ಲಿ ಇವನು ಯಾವುದಾದರೂ ನೋವು ಹೇಳಿಕೊಂಡಿದ್ದನೇ ಎಂದು ವಿಚಾರಿಸಿದರು. ಹೇಳಿಕೊಂಡಿಲ್ಲ ಎಂದಳು. ಸ್ವಲ್ಪ ಯೋಚಿಸಿ, ಬೆಳಿಗ್ಗೆ ಹಾಸಿಗೆಯಿಂದ ಎದ್ದವನು ಆ ಹಿಮ್ಮಡಿ ನೆಲಕ್ಕೆ ಊರದೆ ಬೆರಳ ಮೇಲೆ ನಾಲ್ಕು ಹೆಜ್ಜೆ ಹಾಕುತ್ತಾನೆ, ವಸ್ತಾದರಿಗೆ ಹೇಳಬೇಡ, ಕುಸ್ತಿ ಬಿಡಿಸುತ್ತಾರೆ ಎಂದು ತನಗೆ ಗದರಿಸಿದ್ದ ಎಂದಳು. ವಸ್ತಾದರು ತಲೆಯ ಮೇಲೆ ಕೈ ಇಟ್ಟುಕೊಂಡರು.

ಹಿಮ್ಮಡಿಯ ಹಳೆಯ ಗಾಯ ಪೂರ್ತಿ ಮಾಗಿ ಬಿಳಿಯ ಚುಕ್ಕೆಯಾಗಿತ್ತು. ಮೊದಲ ಸಲ ಅದನ್ನು ತೊಳೆದು, ಉಳಿದಿದ್ದ ಒಂದು ಚೂರು ತೆಗೆದಿದ್ದೆವು. ಅಷ್ಟೇ ಇದ್ದದ್ದು ಎಂದುಕೊಂಡಿದ್ದೆವು. ಎಕ್ಸ್‌ರೇ ನಮ್ಮಲ್ಲಿ ಇರಲಿಲ್ಲ, ಇದ್ದಿದ್ದರೂ ಬಿದಿರು ಅದರಲ್ಲಿ ಕಾಣುವುದಿಲ್ಲ. ಡಾಕ್ಟರರು ಹೆಬ್ಬೆರಳಿನಿಂದ ಆ ಚುಕ್ಕೆಯ ಸುತ್ತ ಒತ್ತುತ್ತ ಹೋದರು. ಒಂದು ಕಡೆ ಒತ್ತಿದಾಗ, ಅಮಲಿನ ಔಷಧದಲ್ಲಿ ಮುಳುಗಿದ್ದ ನಿಂಗಪ್ಪ ಹುಬ್ಬು ಗಂಟಿಕ್ಕಿದ.

ಮರುದಿನ ಅದೇ ಕತ್ತಲೆ ಕೋಣೆಯಲ್ಲಿ, ಅಮಲಿನ ಔಷಧ ಹೆಚ್ಚಿಸಿ, ಹಿಮ್ಮಡಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೊಯ್ದರು. ನಾನು ಬ್ಯಾಟರಿಗೆ ಕೆಂಪು ಬಟ್ಟೆ ಕಟ್ಟಿ, ಗಾಯದ ಮೇಲೆ ಮಾತ್ರ ಬೆಳಕು ಬೀಳುವಂತೆ ಹಿಡಿದಿದ್ದೆ. ಪೈಲ್ವಾನನ ಹಿಮ್ಮಡಿ, ಚರ್ಮ ಚಪ್ಪಲಿಯಷ್ಟು ದಪ್ಪ. ಒಳಗೆ ಹುಡುಕಿದರೂ ಏನೂ ಸಿಗಲಿಲ್ಲ. ಡಾಕ್ಟರರು ನಿಟ್ಟುಸಿರು ಬಿಟ್ಟು ಹೊಲಿಯುವ ದಾರಕ್ಕೆ ಕೈ ಚಾಚಿದರು, ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಇನ್ನೊಮ್ಮೆ ಚಿಮಟ ಇಳಿಸಿದರು. ಮೂಳೆಯ ಹತ್ತಿರ ತುದಿಗೆ ಏನೋ ಒರಟಾಗಿ ತಾಗಿತು. ಆ ಸದ್ದು ನನಗೂ ಕೇಳಿಸಿತು. ಮೆಲ್ಲಗೆ ಎಳೆದರು. ಬೆಂಕಿಕಡ್ಡಿಯ ಅರ್ಧದಷ್ಟು ಉದ್ದದ, ಕಪ್ಪಾದ ಬಿದಿರಿನ ಸಿಬರು ಕೊಳೆತ ವಾಸನೆಯೊಂದಿಗೆ ಹೊರಗೆ ಬಂತು.

ಕೂಗಬೇಕು ಅನ್ನಿಸಿತು ನನಗೆ. ಕೂಗುವ ಹಾಗಿಲ್ಲ, ರೋಗಿಗೆ ಸದ್ದು ಆಗದು. ಡಾಕ್ಟರರು ಚಿಮಟವನ್ನು ಮೇಲೆತ್ತಿ ಹಿಡಿದು ಸಣ್ಣ ಮಕ್ಕಳ ಹಾಗೆ ಬಾಯಿ ತೆರೆದು ಸದ್ದಿಲ್ಲದೆ ನಗುತ್ತಿದ್ದರು. ನಾನೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ಗಾಯ ತೊಳೆದು, ಹೊಲಿಯದೆ ತೆರೆದೇ ಇಟ್ಟು, ಸಿಬರನ್ನು ಬಟ್ಟಲಲ್ಲಿ ಹಾಕಿಕೊಂಡು ಅವರು ಹೊರಗೆ ಹೋದರು. ವರಾಂಡದಲ್ಲಿ ಕೂತಿದ್ದ ವಸ್ತಾದರ ಮುಂದೆ ಬಟ್ಟಲು ಹಿಡಿದರು.

“ವಸ್ತಾದ್ರ, ನಿಮ್ಮ ಮಣ್ಣಿಂದು ತಪ್ಪಿಲ್ರಿ” ಎಂದರು.

ವಸ್ತಾದರು ಆ ಚೂರನ್ನು ನೋಡುತ್ತಲೇ ಇದ್ದರು. ಆಮೇಲೆ ಎದ್ದು, ಡಾಕ್ಟರರ ಎರಡೂ ಕೈಗಳನ್ನು ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

ಎರಡನೇ ಸಲದ ರೋಗ ಮೊದಲಿನಷ್ಟು ಕ್ರೂರವಾಗಿರಲಿಲ್ಲ, ಬೇಗ ಹಿಡಿದದ್ದೇ ಕಾರಣವಿರಬೇಕು. ಆದರೂ ಹತ್ತಿ, ವ್ಯಾಸಲೀನು, ಸೀರೆ ಸುತ್ತಿದ ಬೆಡ್‌ಪ್ಯಾನು ಎಲ್ಲ ಮತ್ತೆ ಬಂದವು. ರಸ್ತೆಯಲ್ಲಿ ಹಾರ್ನುಗಳು ಮತ್ತೆ ಸುಮ್ಮನಾದವು. ನಿಂಗಪ್ಪ ಮತ್ತೆ ಗೋಡೆ ಹಿಡಿದು ನಡೆದ, ಗೋಡೆ ಬಿಟ್ಟು ನಡೆದ.

ಈ ನಡುವೆ ಡಾಕ್ಟರರು ಒಂದು ರವಿವಾರ ಧಾರವಾಡಕ್ಕೆ ಹೋಗಿ, ತಮಗೆ ಕಲಿಸಿದ್ದ ಹಿರಿಯ ವೈದ್ಯರನ್ನು ಕಂಡು ಬಂದರು. ಮರಳಿದವರು ನಮ್ಮನ್ನೆಲ್ಲ ಸೇರಿಸಿದರು. ಧನುರ್ವಾಯು ಎರಡು ಸಲ ಬರುವುದು ಅಪರೂಪ, ಆದರೆ ಬರುತ್ತದೆ ಎಂದರು. ಕಾರಣವನ್ನೂ ಹೇಳಿದರು. ಈ ರೋಗದ ನಂಜು ಎಷ್ಟು ಉಗ್ರವೆಂದರೆ ಮನುಷ್ಯನನ್ನು ಕೊಲ್ಲಲು ಅದರ ಕಣದಷ್ಟು ಸಾಕು. ಆ ಕಣ ಮೈಗೆ ಪಾಠ ಕಲಿಸಲು ಮಾತ್ರ ಸಾಲದು. ಸಿಡುಬು ಕಲಿಸಿ ಹೋಗುತ್ತದೆ, ಇದು ಕಲಿಸದೆ ಹೋಗುತ್ತದೆ. ಆದ್ದರಿಂದ ಗುಣವಾದವನಿಗೂ ಟಾಕ್ಸಾಯ್ಡ್ ಲಸಿಕೆ ಹಾಕಿ ನಾವೇ ಕಲಿಸಬೇಕು. “ನಾ ನಿಮಗ ಹೇಳಿದ್ದು ತಪ್ಪಿತ್ತು. ಇನ್ನ ಮುಂದ ಯಾರಿಗೂ ಹಂಗ ಹೇಳಬ್ಯಾಡ್ರಿ” ಎಂದು ಎಲ್ಲರೆದುರು ಹೇಳಿದರು. ಹುಡುಗಿಯರೇ, ಈ ಬರಹದಲ್ಲಿ ನೀವು ನೆನಪಿಡಬೇಕಾದದ್ದು ಒಂದೇ ಇದ್ದರೆ ಅದು ಇದೇ. ಧನುರ್ವಾಯುವಿನಿಂದ ಎದ್ದವನನ್ನು ಲಸಿಕೆ ಹಾಕದೆ ಮನೆಗೆ ಕಳಿಸಬೇಡಿ.

ಲಸಿಕೆ ನಮ್ಮಲ್ಲಿ ಇರಲಿಲ್ಲ, ಧಾರವಾಡದಿಂದ ತರಬೇಕಿತ್ತು, ತಂಪು ಕೆಡದಂತೆ ತರಬೇಕಿತ್ತು. ತಾವು ಹೋಗುವುದಾಗಿ ವಸ್ತಾದರು ಮುಂದೆ ಬಂದರು. ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿಸಿಕೊಂಡು, ಅಳ್ನಾವರದಲ್ಲಿ ಗಾಡಿ ಬದಲಿಸಿ, ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗೆ ಒತ್ತಿ ಹಿಡಿದು ತಂದರು. ಗಾಡಿಯಲ್ಲಿ ಒಬ್ಬ ಕುಡಿಯಲು ನೀರು ಕೇಳಿದಾಗ ಅವನನ್ನು ಹೇಗೆ ಗದರಿಸಿದೆ ಎಂಬುದನ್ನು ಬಂದ ಕೂಡಲೇ ಅಭಿನಯಿಸಿ ತೋರಿಸಿದರು.

ನಿಂಗಪ್ಪನಿಗೆ ಮೊದಲ ಸೂಜಿ ಹಾಕಿದೆವು. ಥರ್ಮಾಸಿನಲ್ಲಿ ಇನ್ನೂ ಇತ್ತು. ಗರಡಿಯವರಿಗೆಲ್ಲ ಹಾಕೋಣವೆಂದು ಡಾಕ್ಟರರು ಹೇಳಿದರು. ಗ್ಯಾರೇಜಿನ ಹಿಂದೆ ಸ್ಟೋವು ಹಚ್ಚಿ ಸೂಜಿ ಕುದಿಸಲು ಇಟ್ಟಾಗ, ಒಬ್ಬರನ್ನೊಬ್ಬರು ಎತ್ತಿ ನೆಲಕ್ಕೆ ಅಪ್ಪಳಿಸುವ ಆ ಪೈಲ್ವಾನರೆಲ್ಲ ಮೆಲ್ಲಗೆ ಹಿಂದೆ ಸರಿದರು. ಒಬ್ಬನಂತೂ ಸೂಜಿ ನೋಡಿಯೇ ಕಣ್ಣು ಕತ್ತಲೆ ಬಂದು ಟೈರುಗಳ ಮೇಲೆ ಕುಸಿದ. ವಸ್ತಾದರು ಅಂಗಿ ಬಿಚ್ಚಿ ಮೊದಲು ತಾವು ಕೂತರು. ಸೂಜಿಯ ಕಡೆ ನೋಡದೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.

“ಚುಚ್ರಿ ಬೇಟಿ. ನಾ ಬಿದ್ದರ ಇವರ್ಯಾರೂ ನಗೂದಿಲ್ಲ, ನಕ್ಕರ ನಾಳೆ ತಾಲೀಮಿನ್ಯಾಗ ನೋಡ್ಕೋತೇನಿ” ಎಂದರು.

ಬೀಳಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು.

ಮುಂದಿನ ವರ್ಷ ಹಳಿಯಾಳದ ಕುಸ್ತಿಗೆ ನಿಂಗಪ್ಪ ಇಳಿದ. ಹೆಸರಾದ ಪೈಲ್ವಾನರ ದೊಡ್ಡ ಜೋಡಿಯಲ್ಲ. ಎರಡು ಸಲ ಬಿಲ್ಲಾದ ಬೆನ್ನಿಗೆ ದೊಡ್ಡ ಜೋಡಿ ಬೇಡವೆಂದು ಡಾಕ್ಟರರು ಹಟ ಹಿಡಿದಿದ್ದರು. ಎದುರಾಳಿ ಮುಂಡಗೋಡದ ರಜಾಕ ಎಂಬ ತರುಣ, ಚುರುಕಾದವನು. ಹೆಂಗಸರು ಕುಸ್ತಿ ನೋಡಲು ಹೋಗುವ ಪದ್ಧತಿ ಆಗ ಇರಲಿಲ್ಲ. ಆದರೂ ಶಿವಕ್ಕ ಹಟ ಮಾಡಿ ಹೊರಟಳು, ಅವಳಿಗೆ ಜೊತೆಯೆಂದು ನಾನೂ ಹೊರಟೆ. ವಸ್ತಾದರು ಒಂದು ಲಾರಿಯನ್ನು ಕಣದ ಅಂಚಿಗೆ ತಂದು ನಮ್ಮನ್ನು ಅದರ ಮೇಲೆ ನಿಲ್ಲಿಸಿದರು. ಡಾಕ್ಟರರು ಕೆಳಗೆ ಒಂದು ಕುರ್ಚಿಯಲ್ಲಿ ಕೂತಿದ್ದರು.

ಹಲಗೆ ವಾದ್ಯದ ಬಡಿತ ಏರಿತು. ರಜಾಕ ಎರಡು ಸಲ ನಿಂಗಪ್ಪನ ಕಾಲಿಗೆ ಕೈ ಹಾಕಿದ, ಎರಡು ಸಲವೂ ಇವನು ಜಾರಿಕೊಂಡ. ಮೂರನೇ ಸಲ ರಜಾಕ ಇವನನ್ನು ಬೆನ್ನ ಮೇಲೆ ಕೆಡವುವುದರಲ್ಲೇ ಇದ್ದ. ಶಿವಕ್ಕ ಕಣ್ಣು ಮುಚ್ಚಿ ನನ್ನ ತೋಳಿನಲ್ಲಿ ಉಗುರು ಊರಿದ್ದಳು. ನಿಂಗಪ್ಪ ಮಂಡಿಯೂರಿ, ಹೊರಳಿ, ಹೇಗೋ ಎದುರಾಳಿಯ ಸೊಂಟ ಹಿಡಿದು ಎತ್ತಿದ. ಮರುಗಳಿಗೆ ರಜಾಕನ ಎರಡೂ ಭುಜ ಮಣ್ಣಿಗೆ ತಾಗಿದ್ದವು.

ಜನ ಎದ್ದು ಕೂಗಿದರು. ಕುಸ್ತಿಯ ಗಂಧವೇ ಇಲ್ಲದ ಡಾಕ್ಟರ್ ದೇಸಾಯಿ ಕುರ್ಚಿಯ ಮೇಲೆ ಹತ್ತಿ ನಿಂತು ಟೊಪ್ಪಿಗೆ ಬೀಸುತ್ತಿದ್ದರು. ನಿಂಗಪ್ಪ ವಸ್ತಾದರ ಕಾಲು ಮುಟ್ಟಿ, ನೇರ ಬಂದು, ಡಾಕ್ಟರರನ್ನು ಕುರ್ಚಿಯಿಂದಲೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕಣದ ಸುತ್ತ ಓಡಿದ. ಅವನ ಮೈಗೆ ಅಂಟಿದ್ದ ಮಣ್ಣಿನಿಂದ ಅವರ ಬಿಳಿ ಪ್ಯಾಂಟು ಕೆಂಪಾಯಿತು. ಕನ್ನಡಕ ಹಿಡಿದುಕೊಂಡು ಅವರು ಮೇಲಿನಿಂದ ಕೂಗುತ್ತಿದ್ದದ್ದು ನಮಗೆ ಕೇಳಿಸಿತು.

“ಇಳಸೋ ನನ್ನ. ಸೋಮವಾರ ನಿನ್ನ ಮೂರನೇ ಸೂಜಿ ಐತಿ, ಮರೀಬ್ಯಾಡ.”

ಸೋಮವಾರ, ಈಗ ನಮ್ಮ ಫ್ರಿಜ್ಜಿನಲ್ಲೇ ಇರುತ್ತಿದ್ದ ಲಸಿಕೆಯನ್ನು ತೆಗೆದಿಟ್ಟು ನಾನು ಸೂಜಿ ಕುದಿಸಲು ಇಡುತ್ತಿದ್ದಾಗ ಹೊರಗೆ ಲಾರಿಯೊಂದು ನಿಂತ ಸದ್ದಾಯಿತು. ನಿಂಗಪ್ಪ ಒಳಗೆ ಬಂದ. ಅವನ ಹಿಂದೆ ರಜಾಕ. ರಜಾಕನ ಹಿಂದೆ ಮುಂಡಗೋಡದ ಇಡೀ ಗರಡಿ. ಬೆಂಚಿನ ಮೇಲೆ ಸಾಲಾಗಿ ಕೂತು ಅಂಗಿಯ ತೋಳು ಏರಿಸಿದರು. ನಾನು ಪಾತ್ರೆಗೆ ಇನ್ನಷ್ಟು ನೀರು ಸುರಿದು, ಇದ್ದ ಸೂಜಿಗಳನ್ನೆಲ್ಲ ಅದರೊಳಗೆ ಹಾಕಿದೆ.